ಬೇರೆ ದೇಶಗಳಿಗೆ ವ್ಯಾಕ್ಸಿನ್ ಕಳಿಸಿದ್ರಿಂದ ವಿದೇಶಾಂಗ ನೀತಿಗೆ ನಿಜವಾಗ್ಲೂ ಏನಾದ್ರೂ ಸಿಕ್ತಾ?

ಪುಟತಿರುವಿ:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ತಲೇಲಿ ಕೊರೀತಿರೋ ಪ್ರಶ್ನೆ ಇದು, ಗೊತ್ತಿರೋರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

2021ರ ಜನವರಿ 16ಕ್ಕೆ ನಮ್ಮ ದೇಶದಲ್ಲಿ ಕೊರೊನಾ ಲಸಿಕೆ ಹಾಕೋಕೆ ಶುರು ಮಾಡಿದ್ರು. 20ನೇ ತಾರೀಕಿಗೆಲ್ಲ ಭೂತಾನ್‌ಗೆ ಒಂದೂವರೆ ಲಕ್ಷ ಡೋಸ್, ಮಾಲ್ಡೀವ್ಸ್‌ಗೆ ಒಂದು ಲಕ್ಷ ಡೋಸ್ ಕೋವಿಶೀಲ್ಡ್ ವಿಮಾನ ಹತ್ತಿತ್ತು. ಹಿಂದೇನೇ ನೇಪಾಳ, ಬಾಂಗ್ಲಾದೇಶ, ಮ್ಯಾನ್ಮಾರ್, ಮಾರಿಷಸ್, ಸೇಶೆಲ್ಸ್ ಅಂತ ಸಾಲಾಗಿ ಹೋಯ್ತು, ಇದಕ್ಕೆ ವ್ಯಾಕ್ಸಿನ್ ಮೈತ್ರಿ ಅಂತ ಹೆಸರು ಕೊಟ್ರು. ಬ್ರೆಜಿಲ್ ಅಧ್ಯಕ್ಷರಾಗಿದ್ದ ಬೊಲ್ಸೊನಾರೊ ಹನುಮಂತ ವ್ಯಾಕ್ಸಿನ್ ಹೊತ್ಕೊಂಡು ಹಾರ್ತಿರೋ ಚಿತ್ರ ಹಾಕಿ ಧನ್ಯವಾದ ಹೇಳಿದ್ರು, ಅದು ಎಲ್ಲರ ಮೊಬೈಲಲ್ಲೂ ಓಡಾಡಿದ್ದು ನೆನಪಿರಬಹುದು. ಆಮೇಲೆ ಏಪ್ರಿಲ್ ಬಂತು, ಎರಡನೇ ಅಲೆ ಬಂತು, ಆಕ್ಸಿಜನ್ ಇಲ್ಲ ಬೆಡ್ ಇಲ್ಲ ಲಸಿಕೆ ಇಲ್ಲ ಅನ್ನೋ ಸ್ಥಿತಿ, ಆಗ ಅದೇ ಜನ "ನಮ್ಮ ಮಕ್ಕಳ ಲಸಿಕೆ ಹೊರಗೆ ಯಾಕೆ ಕಳಿಸಿದ್ರಿ" ಅಂತ ಕೇಳೋಕೆ ಶುರು ಮಾಡಿದ್ರು, ಸರ್ಕಾರ ಎಕ್ಸ್‌ಪೋರ್ಟ್ ನಿಲ್ಲಿಸ್ತು.

ಮನೇಲಿ ನಮ್ಮಣ್ಣನ ಜೊತೆ ಈ ವಿಷಯಕ್ಕೆ ದೊಡ್ಡ ವಾದ ಆಗುತ್ತೆ. ಅವನು ಹೇಳೋದು, ಇದೆಲ್ಲ ಫೋಟೋಗೆ ಮಾಡಿದ್ದು, ಯಾವ ದೇಶನೂ ಒಂದು ಇಂಜೆಕ್ಷನ್‌ಗೋಸ್ಕರ ತನ್ನ ನೀತಿ ಬದಲಾಯಿಸಲ್ಲ ಅಂತ. ನನಗೆ ಅಷ್ಟು ಸಲೀಸಾಗಿ ತಳ್ಳಿಹಾಕೋ ವಿಷಯ ಅನ್ಸಲ್ಲ, ಆದ್ರೆ ಎದುರು ವಾದ ಮಾಡೋಕೆ ಕೈಯಲ್ಲಿ ಉದಾಹರಣೆ ಇಲ್ಲ. ನನ್ನ ಪ್ರಶ್ನೆ ಇಷ್ಟೇ: ವ್ಯಾಕ್ಸಿನ್ ಕೊಟ್ಟು ಯಾರಾದ್ರೂ ಎಲ್ಲಾದ್ರೂ ಏನಾದ್ರೂ ಗಳಿಸಿದ್ದಾರಾ? ನಾವು ಕಳಿಸಿದ್ದು ತಪ್ಪಾ ಸರಿನಾ? ಪಾರ್ಟಿ ಜಗಳ ಬೇಡ, ವಿಷಯ ಮಾತ್ರ ಹೇಳಿ.

ಲೆಕ್ಕದ_ಮೇಷ್ಟ್ರು:

ಮೊದಲು ಲೆಕ್ಕ ಸರಿ ಮಾಡ್ಕೊಳ್ಳೋಣ ಮೇಡಂ, ಯಾಕಂದ್ರೆ ಈ ವಾದದಲ್ಲಿ ಮುಕ್ಕಾಲು ಭಾಗ ಜಗಳ ಆಗೋದೇ ಲೆಕ್ಕ ಗೊತ್ತಿಲ್ಲದೆ.

ರಫ್ತು ನಿಲ್ಲಿಸೋ ಹೊತ್ತಿಗೆ ನಮ್ಮ ದೇಶದಿಂದ ಹೊರಗೆ ಹೋಗಿದ್ದು ಸುಮಾರು 6.6 ಕೋಟಿ ಡೋಸ್. ಇದರಲ್ಲಿ ಪುಕ್ಕಟೆ ಕೊಟ್ಟಿದ್ದು ಬರೀ 1.07 ಕೋಟಿ. 3.57 ಕೋಟಿಯಷ್ಟು ಕಂಪನಿ ದುಡ್ಡು ತಗೊಂಡು ಮಾರಿದ್ದು, ಆ ಹನುಮಂತನ ಚಿತ್ರ ಬಂತಲ್ಲ ಬ್ರೆಜಿಲ್‌ದು, ಅದೂ ಕೊಂಡ್ಕೊಂಡಿದ್ದೇ, 20 ಲಕ್ಷ ಡೋಸ್. ಉಳಿದ ಸುಮಾರು 1.98 ಕೋಟಿ ಹೋಗಿದ್ದು ಕೋವ್ಯಾಕ್ಸ್‌ಗೆ. (ಕೋವ್ಯಾಕ್ಸಿನ್ ಬೇರೆ, ಅದು ಭಾರತ್ ಬಯೋಟೆಕ್‌ನ ಲಸಿಕೆ. ಕೋವ್ಯಾಕ್ಸ್ ಅಂದ್ರೆ ಗಾವಿ, ಸೆಪಿ ಅನ್ನೋ ಅಂತಾರಾಷ್ಟ್ರೀಯ ಲಸಿಕೆ ಸಂಸ್ಥೆಗಳು, ಡಬ್ಲ್ಯುಎಚ್‌ಒ ಅಂದ್ರೆ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಸೇರಿ ಬಡ ದೇಶಗಳಿಗೂ ಲಸಿಕೆ ಸಿಗ್ಲಿ ಅಂತ ಮಾಡಿದ್ದ ವ್ಯವಸ್ಥೆ.)

ಈ ಕೋವ್ಯಾಕ್ಸ್ ಪಾಲನ್ನ ನಾವು ದಾನ ಅಂತ ಕರೆಯೋ ಹಾಗೇ ಇಲ್ಲ. ಕೋವಿಶೀಲ್ಡ್ ತಯಾರಿಸೋ ಪುಣೆಯ ಸೀರಮ್ ಇನ್ಸ್ಟಿಟ್ಯೂಟ್‌ಗೆ, ಆ ಲಸಿಕೆಯ ಮೂಲ ಕಂಪನಿ ಆಸ್ಟ್ರಾಜೆನೆಕಾ ಲೈಸೆನ್ಸ್ ಕೊಟ್ಟಾಗಲೇ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಸಪ್ಲೈ ಮಾಡ್ಬೇಕು ಅನ್ನೋದು ಇತ್ತು, ಅದಕ್ಕೆ ಮೇಲೆ ಗಾವಿ ಮತ್ತೆ ಗೇಟ್ಸ್ ಫೌಂಡೇಶನ್ ಸೇರಿ 2020ರಲ್ಲೇ, ಲಸಿಕೆ ಕೆಲಸ ಮಾಡುತ್ತೋ ಇಲ್ವೋ ಗೊತ್ತಾಗೋಕೆ ಮುಂಚೆನೇ, 30 ಕೋಟಿ ಡಾಲರ್ ಹಾಕಿದ್ರು. ಬೇರೆಯವರ ಫಾರ್ಮುಲಾ, ಬೇರೆಯವರ ಅಡ್ವಾನ್ಸ್ ತಗೊಂಡು ತಯಾರಿಸಿದ್ದನ್ನ ಪೂರ್ತಿ ನಮ್ಮದೇ ಅಂತ ಇಟ್ಕೊಳ್ಳೋಕೆ ಬರಲ್ಲ.

ಹಾಗಂತ 6.6 ಕೋಟಿ ಸಣ್ಣದು ಅಂತ ನಾನು ಹೇಳಲ್ಲ. ಮೇ 2021ರಲ್ಲಿ, ಜನ ರಾತ್ರಿಯೆಲ್ಲ ಸ್ಲಾಟ್ ಹುಡುಕ್ತಾ ಕೂತಿದ್ದ ತಿಂಗಳಲ್ಲಿ, ಇಡೀ ದೇಶಕ್ಕೆ ಹಾಕಿದ್ದು ಸುಮಾರು 6 ಕೋಟಿ ಡೋಸ್. ಅಂದ್ರೆ ಹೊರಗೆ ಹೋಗಿದ್ದು ನಮ್ಮ ಒಂದು ತಿಂಗಳ ಸರಕು. ಯಾರದ್ದಾದ್ರೂ ಮನೇಲಿ ಆ ತಿಂಗಳು ಯಾರೋ ಹೋಗಿದ್ರೆ ಅವರಿಗೆ ಈ ಲೆಕ್ಕ ನೋವಾಗೇ ಆಗುತ್ತೆ, ಅದನ್ನ ಗೌರವದಿಂದಲೇ ಕೇಳ್ಬೇಕು. ಆದ್ರೆ ಕೊರತೆಗೆ ಮೂಲ ಕಾರಣ ರಫ್ತು ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಸರ್ಕಾರ ಕೊಟ್ಟ ಮೊದಲ ಕೋವಿಶೀಲ್ಡ್ ಆರ್ಡರ್ ಬರೀ 1.1 ಕೋಟಿ ಡೋಸ್, ಅದೂ ಜನವರಿ 11ಕ್ಕೆ. ಬೇರೆ ದೊಡ್ಡ ದೇಶಗಳು ಅದಕ್ಕೂ ಆರೇಳು ತಿಂಗಳು ಮುಂಚೆನೇ ಕೋಟಿಗಟ್ಟಲೆ ಬುಕ್ ಮಾಡಿ ಕೂತಿದ್ವು. ಆರ್ಡರ್ ಇಲ್ಲದೆ ಯಾವ ಕಂಪನಿನೂ ಹೊಸ ಲೈನ್ ಹಾಕಲ್ಲ. ಜೊತೆಗೆ ಅಮೆರಿಕ ತನ್ನ ಡಿಫೆನ್ಸ್ ಪ್ರೊಡಕ್ಷನ್ ಆಕ್ಟ್ ಬಳಸಿ ಫಿಲ್ಟರು, ಬ್ಯಾಗು ಥರದ ಕಚ್ಚಾ ಸಾಮಾನನ್ನ ತನ್ನ ಕಂಪನಿಗಳಿಗೆ ಮೊದಲು ಅಂತ ಹಿಡಿದಿಟ್ಕೊಂಡಿತ್ತು, ಸೀರಮ್‌ನ ಅದಾರ್ ಪೂನಾವಾಲಾ ಏಪ್ರಿಲ್ 16ಕ್ಕೆ ನೇರ ಬೈಡನ್‌ಗೇ ಟ್ವೀಟ್ ಮಾಡಿ ಬೇಡ್ಕೊಂಡಿದ್ರು. ಇವೆರಡೂ ಮರೆತು ಬರೀ ಭೂತಾನ್‌ಗೆ ಹೋದ ಡಬ್ಬಗಳನ್ನ ಬೈಯೋದು ನ್ಯಾಯ ಅಲ್ಲ.

ಗಡಿಯಾಚೆ:

ಲೆಕ್ಕದ ಮೇಷ್ಟ್ರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ನಾನು ಪ್ರಶ್ನೆಯ ಇನ್ನೊಂದು ಭಾಗಕ್ಕೆ ಬರ್ತೀನಿ, ಏನು ಸಿಕ್ತು ಅನ್ನೋದಕ್ಕೆ.

ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು ಎರಡನೇ ಡೋಸ್. ಮೊದಲ ಡೋಸ್ ಕೊಡುವಾಗ ಮಂತ್ರಿಗಳು ಬರ್ತಾರೆ, ಬಾವುಟ ಇರುತ್ತೆ, ಕ್ಯಾಮೆರಾ ಇರುತ್ತೆ. ಆದ್ರೆ ಮೊದಲನೇದು ಹಾಕಿಸ್ಕೊಂಡ ಮನುಷ್ಯನಿಗೆ ಮೂರು ತಿಂಗಳಿಗೆ ಇನ್ನೊಂದು ಬೇಕು, ಆ ಹೊತ್ತಿಗೆ ಕೊಡೋನು ಬಾಗಿಲು ಹಾಕಿದ್ರೆ ಹಿಂದೆ ಕೊಟ್ಟಿದ್ದರ ಮರ್ಯಾದೆನೂ ಅರ್ಧ ಹೋಗುತ್ತೆ.

ಭೂತಾನ್ ನೋಡಿ. ನಮ್ಮಿಂದ ಜನವರಿಯಲ್ಲಿ ಬಂದ ಒಂದೂವರೆ ಲಕ್ಷ ಡೋಸನ್ನ ಅವರು ಆತುರಾತುರವಾಗಿ ಹಾಕ್ಲಿಲ್ಲ, ಎಲ್ಲರಿಗೂ ಸಾಲುವಷ್ಟು ಬರ್ಲಿ ಅಂತ ಕಾದ್ರು. ಮಾರ್ಚ್‌ನಲ್ಲಿ ಇನ್ನೂ 4 ಲಕ್ಷ ಹೋಯ್ತು. ಆಮೇಲೆ ಬೌದ್ಧ ಗುರುಗಳ ಹತ್ರ ಒಳ್ಳೆ ಮುಹೂರ್ತ ಕೇಳಿ ಮಾರ್ಚ್ 27ರ ಬೆಳಿಗ್ಗೆ ಒಂಬತ್ತೂವರೆಗೆ, ಮಂಗನ ವರ್ಷದಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳಿಗೆ ಮೊದಲ ಸೂಜಿ ಚುಚ್ಚಿದ್ರು. ಬರೀ ಎರಡು ವಾರ ಚಿಲ್ಲರೆ ದಿನದಲ್ಲಿ ಅಲ್ಲಿನ ವಯಸ್ಕರಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ಜನಕ್ಕೆ ಹಾಕಿ ಮುಗಿಸಿದ್ರು, ಗುಡ್ಡಗಾಡು ದೇಶ, ಕೆಲವು ಕಡೆ ಹೆಲಿಕಾಪ್ಟರ್‌ನಲ್ಲಿ ಹೋಗಿ, ಕೆಲವು ಕಡೆ ನಡ್ಕೊಂಡೇ ಹೋಗಿ. ಆಗ ಪ್ರಧಾನಿಯಾಗಿದ್ದ ಲೋಟೆ ಶೆರಿಂಗ್ ತಾವೇ ಡಾಕ್ಟರು. ಇದು ಜಗತ್ತಿಗೇ ತೋರಿಸಬಹುದಾದ ಕೆಲಸ, ಅದರಲ್ಲಿ ಒಂದೊಂದು ಡೋಸೂ ನಮ್ಮದು.

ಅಷ್ಟರಲ್ಲಿ ನಮ್ಮ ಬಾಗಿಲು ಮುಚ್ಚಿತು. ಎರಡನೇ ಡೋಸ್‌ಗೆ ಭೂತಾನ್ ಊರೂರು ಕೇಳ್ಬೇಕಾಯ್ತು. ಕೊನೆಗೆ ಜುಲೈನಲ್ಲಿ ಬಂದಿದ್ದು ಎಲ್ಲಿಂದ ಗೊತ್ತಾ, ಅಮೆರಿಕದಿಂದ 5 ಲಕ್ಷ ಮಾಡರ್ನಾ ಡೋಸ್, ಡೆನ್ಮಾರ್ಕ್‌ನಿಂದ ಎರಡೂವರೆ ಲಕ್ಷ ಆಸ್ಟ್ರಾಜೆನೆಕಾ, ಜೊತೆಗೆ ಚೀನಾದಿಂದ 50 ಸಾವಿರ ಸಿನೋಫಾರ್ಮ್. ಅಮೆರಿಕ ಜೊತೆಗೂ ಚೀನಾ ಜೊತೆಗೂ ಭೂತಾನ್‌ಗೆ ಔಪಚಾರಿಕ ರಾಜತಾಂತ್ರಿಕ ಸಂಬಂಧನೇ ಇಲ್ಲ, ಆದ್ರೂ ಅವರ ಲಸಿಕೆ ಬಂತು.

ನೇಪಾಳದಲ್ಲಿ ಇನ್ನೂ ಕಷ್ಟ ಆಯ್ತು. ನಾವು 10 ಲಕ್ಷ ಪುಕ್ಕಟೆ ಕೊಟ್ವಿ, ಸರಿ. ಅವರು ಸೀರಮ್‌ಗೆ ದುಡ್ಡು ಕಟ್ಟಿ ಇನ್ನೂ 20 ಲಕ್ಷ ಕೊಂಡ್ರು, ಅದರಲ್ಲಿ ಅರ್ಧ ಬಂತು, ಅರ್ಧ ನಿಂತೋಯ್ತು. 65 ದಾಟಿದ ಲಕ್ಷಾಂತರ ವಯಸ್ಸಾದವರು ಮೊದಲ ಡೋಸ್ ಹಾಕಿಸ್ಕೊಂಡು ಎರಡನೇದಕ್ಕೆ ಕಾಯ್ತಾ ಕೂತ್ರು, ರಾಷ್ಟ್ರಪತಿ ವಿದ್ಯಾದೇವಿ ಭಂಡಾರಿ ಬೇರೆ ಬೇರೆ ದೇಶದ ಮುಖ್ಯಸ್ಥರಿಗೆ ಪತ್ರ ಬರೆದು ಕೇಳ್ಕೊಂಡ್ರು. ಆಗಸ್ಟ್‌ನಲ್ಲಿ ಜಪಾನ್ ಸುಮಾರು 16 ಲಕ್ಷ ಆಸ್ಟ್ರಾಜೆನೆಕಾ ಕೊಟ್ಟ ಮೇಲೆ ಆ ಅಜ್ಜ ಅಜ್ಜಿಯರ ಸರದಿ ಬಂತು. ಅಷ್ಟರೊಳಗೆ ಚೀನಾ ಸಿನೋಫಾರ್ಮ್ ಎರಡು ಕಂತು ಕಳಿಸಿ ಆಗಿತ್ತು.

ಬಾಂಗ್ಲಾದೇಶದ್ದು ಕೇಳಿದ್ರೆ ಡಿಪ್ಲೊಮಸಿ ಅಂದ್ರೆ ಏನು ಅಂತ ಕಣ್ಣಿಗೆ ಕಾಣುತ್ತೆ. 3 ಕೋಟಿ ಡೋಸ್‌ಗೆ ಒಪ್ಪಂದ, ತಿಂಗಳಿಗೆ 50 ಲಕ್ಷ ಅಂತ. ಬಂದಿದ್ದು 70 ಲಕ್ಷ, ನಾವು ಉಡುಗೊರೆ ಕೊಟ್ಟಿದ್ದು ಬೇರೆ. ನಿಂತ ಮೇಲೆ ಅವರು ಬೀಜಿಂಗ್ ಕಡೆ ತಿರುಗಿದ್ರು. 2021ರ ಮೇ 10ಕ್ಕೆ ಢಾಕಾದಲ್ಲಿದ್ದ ಚೀನಾ ರಾಯಭಾರಿ, ಕ್ವಾಡ್ (ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಕೂಟ) ಸೇರಿದ್ರೆ ನಮ್ಮ ನಿಮ್ಮ ಸಂಬಂಧ ಕೆಡುತ್ತೆ ಅಂತ ಬಹಿರಂಗವಾಗೇ ಹೇಳಿದ್ರು. ಎರಡು ದಿನ ಬಿಟ್ಟು ಚೀನಾದ 5 ಲಕ್ಷ ಉಚಿತ ಡೋಸ್ ಬಂದಿಳೀತು. ಬಾಂಗ್ಲಾ ವಿದೇಶಾಂಗ ಮಂತ್ರಿ ಅಬ್ದುಲ್ ಮೊಮೆನ್, ನಮ್ಮ ನೀತಿ ನಾವೇ ತೀರ್ಮಾನ ಮಾಡ್ತೀವಿ ಅಂತ ಗಟ್ಟಿಯಾಗೇ ಉತ್ತರ ಕೊಟ್ರು, ಅದು ಅವರ ದೊಡ್ಡತನ. ಆದ್ರೆ ಆ ಜಾಗ ಖಾಲಿ ಬಿಟ್ಟಿದ್ದು ನಾವು.

ಹಾಗಾದ್ರೆ ಮೈತ್ರಿ ವ್ಯರ್ಥನಾ ಅಂದ್ರೆ ಅಲ್ಲ. ನಮಗೆ ಉಸಿರು ಕಟ್ಟಿದಾಗ ಅದೇ ಬಾಂಗ್ಲಾದೇಶ 10 ಸಾವಿರ ರೆಮ್ಡೆಸಿವಿರ್ ವಯಲ್ ಕಳಿಸ್ತು, ಭೂತಾನ್ ಅಸ್ಸಾಂಗೆ ಲಿಕ್ವಿಡ್ ಆಕ್ಸಿಜನ್ ಕೊಡ್ತೀವಿ ಅಂತ ಮುಂದೆ ಬಂತು. ಇದಕ್ಕೆ ಬೆಲೆ ಕಟ್ಟೋಕಾಗಲ್ಲ. ನಾನು ಹೇಳೋದು ಇಷ್ಟೇ, ಕಳಿಸಿದ್ದು ಸರಿ, ಕಳಿಸ್ತಾ ಇರೋಕೆ ಬೇಕಾದ ಏರ್ಪಾಡು ಮಾಡದೆ ಮಾತು ಕೊಟ್ಟಿದ್ದು ತಪ್ಪು.

ಖರೇಮಾತು:

ಗಡಿಯಾಚೆ ಅವ್ರು ಹೇಳಿದ್ದು ಛಲೋ ಐತ್ರಿ, ಆದ್ರ ಕೃತಜ್ಞತಾ ಎಷ್ಟು ದಿನ ಇರ್ತೈತಿ ಅನ್ನೋದೂ ನೋಡ್ಬೇಕಲ್ರಿ. ಮಾಲ್ಡೀವ್ಸ್‌ಗೆ ಎಲ್ಲಾರಿಗಿಂತ ಮೊದಲ ಕೊಟ್ಟೀವಿ. 2023ರಾಗ ಅಲ್ಲೆ "ಇಂಡಿಯಾ ಔಟ್" ಅಂತ ಪ್ರಚಾರ ಮಾಡಿದ ಮುಯಿಝು ಗೆದ್ದು ಬಂದ್ರು, 2024ರ ಮೇ ತಿಂಗಳಿಗೆ ನಮ್ಮ ಸೈನಿಕರು ವಾಪಸ್ ಬಂದ್ರು. ಕೆನಡಾದ್ದೂ ಹಂಗ. ರೈತರ ಹೋರಾಟದ ಬಗ್ಗೆ ಮಾತಾಡಿ ಮುನಿಸು ಆಗಿತ್ತು, 2021ರ ಫೆಬ್ರುವರಿಯಾಗ ಟ್ರೂಡೊ ಫೋನ್ ಮಾಡಿದ್ರು, ಮಾರ್ಚ್‌ನಾಗ 5 ಲಕ್ಷ ಕೋವಿಶೀಲ್ಡ್ ಹೋತು, ಎಲ್ಲಾ ಸರಿ ಆತು ಅಂದ್ಕೊಂಡ್ವಿ. 2023ಕ್ಕ ಸಂಬಂಧ ಯಾವ ಮಟ್ಟಕ್ಕ ಇಳೀತು ಎಲ್ಲಾರೂ ನೋಡ್ಯಾರ. ಕೊಡಬ್ಯಾಡ ಅಂತ ಹೇಳಾಕತ್ತಿಲ್ಲ ನಾ. ಜೀವ ಉಳೀತಾವ ಅಂತ ಕೊಡ್ರಿ, ವಿಶ್ವಸಂಸ್ಥೆಯಾಗ ಓಟು ಸಿಗ್ತೈತಿ, ಮಿಲಿಟರಿ ಬೇಸ್ ಸಿಗ್ತೈತಿ ಅಂತ ಕೊಟ್ರ ಆಮ್ಯಾಲೆ ಬ್ಯಾಸರ ಆಗ್ತೈತಿ.

ಹಳೇಪೇಪರ್:

ಖರೇಮಾತು ಅವರೇ, ನೀವು ಹೇಳಿದ್ದು ಸರಕಾರಗಳ ಮಟ್ಟಿಗೆ ನಿಜ. ಆದ್ರೆ ಈ ವಿಷಯನ ಬರೀ 2021ಕ್ಕೆ ಕಟ್ಟಿ ನೋಡಿದ್ರೆ ಅರ್ಧ ಚಿತ್ರ ಮಾತ್ರ ಕಾಣುತ್ತೆ. ಶೀತಲ ಸಮರದ ಕಾಲದಲ್ಲಿ ಇದಕ್ಕಿಂತ ದೊಡ್ಡ ಕೆಲಸಗಳು ಆಗಿವೆ, ಅದೂ ಒಬ್ಬರ ಮುಖ ಒಬ್ಬರು ನೋಡದ ದೇಶಗಳ ನಡುವೆ.

ಪೋಲಿಯೋ ಹನಿ ತಗೊಳ್ಳಿ. ಬಾಯಿಗೆ ಹಾಕೋ ಲಸಿಕೆ ಮಾಡಿದ್ದು ಅಮೆರಿಕದ ಆಲ್ಬರ್ಟ್ ಸೇಬಿನ್. ಅಮೆರಿಕದಲ್ಲಿ ಆಗಲೇ ಸಾಲ್ಕ್ ಅವರ ಇಂಜೆಕ್ಷನ್ ಬಂದಿತ್ತು, ದೊಡ್ಡ ಪ್ರಯೋಗಕ್ಕೆ ಅಲ್ಲಿ ಮಕ್ಕಳು ಸಿಗ್ತಿರಲಿಲ್ಲ. ಮಾಸ್ಕೋದ ವೈರಾಲಜಿಸ್ಟ್ ಮಿಖಾಯಿಲ್ ಚುಮಕೋವ್ ಜೊತೆ ಸೇರಿ 1959ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕೋಟಿಗಟ್ಟಲೆ ಜನಕ್ಕೆ ಹಾಕಿದ್ರು. ಎರಡೂ ಕಡೆ ಅಣುಬಾಂಬ್ ಗುರಿ ಇಟ್ಕೊಂಡು ಕೂತಿದ್ದ ಕಾಲ ಅದು. 1961ರಲ್ಲಿ ಜಪಾನ್‌ನಲ್ಲಿ ಪೋಲಿಯೋ ಹಬ್ಬಿದಾಗ ತಾಯಂದಿರು ಬೀದಿಗಿಳಿದು ಆರೋಗ್ಯ ಇಲಾಖೆ ಮೇಲೆ ಒತ್ತಡ ತಂದ್ರು, ಅಮೆರಿಕದ ಪಕ್ಕಾ ಮಿತ್ರ ದೇಶ ಆಗಿದ್ರೂ ಜಪಾನ್ ಸೋವಿಯತ್‌ನಿಂದ ಮತ್ತೆ ಕೆನಡಾದಿಂದ ಒಟ್ಟು 1.3 ಕೋಟಿ ಡೋಸ್ ತರಿಸ್ಕೊಂಡ್ತು.

ಸಿಡುಬಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಜಗತ್ತಿಂದಲೇ ಸಿಡುಬು ಓಡಿಸೋಣ ಅಂತ 1958ರಲ್ಲಿ ವಿಶ್ವ ಆರೋಗ್ಯ ಸಭೆಯಲ್ಲಿ ಪ್ರಸ್ತಾಪ ಇಟ್ಟಿದ್ದು ಸೋವಿಯತ್‌ನ ವಿಕ್ಟರ್ ಜ್ದಾನೊವ್, ಸಭೆ ನಡೆದಿದ್ದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಮುಂದೆ 1967ರಿಂದ ಜೋರಾಗಿ ನಡೆದ ಅಭಿಯಾನದ ನೇತೃತ್ವ ವಹಿಸಿದ್ದು ಅಮೆರಿಕದ ಡಿ.ಎ. ಹೆಂಡರ್ಸನ್. ಸೋವಿಯತ್ ಕೊಟ್ಟ ಒಣಪುಡಿ ಲಸಿಕೆ ಬಿಸಿಲಲ್ಲೂ ಕೆಡ್ತಿರಲಿಲ್ಲ, ನಮ್ಮ ದೇಶಕ್ಕೆ ಬಂದಿದ್ದರಲ್ಲಿ ಬಹುಪಾಲು ಅಲ್ಲಿಂದಲೇ. 1975ರ ಮೇನಲ್ಲಿ ಭಾರತದಲ್ಲಿ ಕೊನೆಯ ಸಿಡುಬು ಪ್ರಕರಣ, 1977ರಲ್ಲಿ ಸೊಮಾಲಿಯಾದಲ್ಲಿ ಜಗತ್ತಿನ ಕೊನೆಯ ಸಹಜ ಪ್ರಕರಣ, 1980ಕ್ಕೆ ಸಿಡುಬು ಹೋಯ್ತು ಅಂತ ಘೋಷಣೆ. ಯಾರು ಎಷ್ಟು ಹೆಸರು ತಗೊಂಡ್ರು ಅನ್ನೋದು ಬಿಡಿ, ನಮ್ಮ ಅಪ್ಪ ಅಮ್ಮನ ತೋಳಿನ ಮೇಲಿರೋ ಆ ಗುಂಡು ಕಲೆಗೆ ಎರಡೂ ಕಡೆಯವರು ಕಾರಣ.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ಎಲ್ ಸಾಲ್ವಡಾರ್‌ನಲ್ಲಿ ಅಂತರ್ಯುದ್ಧ ನಡೀತಿದ್ದಾಗ 1985ರಲ್ಲಿ ಯುನಿಸೆಫ್ ಮತ್ತೆ ಚರ್ಚು ಮಧ್ಯ ನಿಂತು ಸರ್ಕಾರ ಮತ್ತೆ ಬಂಡುಕೋರರ ಜೊತೆ ಮಾತಾಡಿ, ಮಕ್ಕಳಿಗೆ ಲಸಿಕೆ ಹಾಕೋ ದಿನಗಳಲ್ಲಿ ಗುಂಡು ಹಾರಿಸಬಾರದು ಅಂತ ಒಪ್ಪಿಸಿದ್ರು. ಒಂದು ವರ್ಷಕ್ಕೆ ನಿಲ್ಲಲಿಲ್ಲ, ಯುದ್ಧ ಮುಗಿಯೋ ತನಕ ಪ್ರತಿ ವರ್ಷ ನಡೀತು.

ಇದರ ತದ್ವಿರುದ್ಧ ಉದಾಹರಣೆನೂ ಹೇಳ್ಲೇಬೇಕು. ಬಿನ್ ಲಾಡೆನ್ ಅಡಗಿದ್ದ ಮನೆಯವರ ಡಿಎನ್‌ಎ ಸಿಗಲಿ ಅಂತ ಸಿಐಎ ಅಬೊಟ್ಟಾಬಾದ್‌ನಲ್ಲಿ ಒಬ್ಬ ಡಾಕ್ಟರ್ ಮೂಲಕ ಹೆಪಟೈಟಿಸ್ ಬಿ ಲಸಿಕೆ ಅಭಿಯಾನದ ನಾಟಕ ಆಡಿಸ್ತು. 2011ರ ಜುಲೈನಲ್ಲಿ ಸುದ್ದಿ ಹೊರಗೆ ಬಂತು. ಮಾರನೇ ವರ್ಷ ವಜೀರಿಸ್ತಾನದಲ್ಲಿ ತಾಲಿಬಾನ್ ಕಮಾಂಡರ್‌ಗಳು ಪೋಲಿಯೋ ಹನಿನೇ ನಿಷೇಧ ಮಾಡಿದ್ರು, ಮನೆಮನೆಗೆ ಹೋಗ್ತಿದ್ದ ಕಾರ್ಯಕರ್ತೆಯರನ್ನ ಗುಂಡಿಟ್ಟು ಕೊಂದ್ರು. 2014ರಲ್ಲಿ ಪಾಕಿಸ್ತಾನದಲ್ಲಿ 306 ಪೋಲಿಯೋ ಪ್ರಕರಣ. ಅದಕ್ಕೆ ಕಾರಣ ಇದೊಂದೇ ಅಲ್ಲ, ಮೊದಲಿಂದಲೂ ಅನುಮಾನ ಇತ್ತು, ಯುದ್ಧ ಇತ್ತು. ಆದ್ರೆ ಅನುಮಾನಪಡ್ತಿದ್ದವರ ಕೈಗೆ ಸಾಕ್ಷಿ ಕೊಟ್ಟ ಹಾಗಾಯ್ತು. ಅದೇ 2014ರಲ್ಲಿ ಶ್ವೇತಭವನ, ಇನ್ಮುಂದೆ ಸಿಐಎ ಲಸಿಕೆ ಕಾರ್ಯಕ್ರಮ ಬಳಸಲ್ಲ ಅಂತ ಮಾತು ಕೊಟ್ಟಿತು, ಅಷ್ಟರಲ್ಲಿ ಆಗೋದೆಲ್ಲ ಆಗಿತ್ತು. ವ್ಯಾಕ್ಸಿನ್‌ಗೂ ಫಾರಿನ್ ಪಾಲಿಸಿಗೂ ಸಂಬಂಧ ಇಲ್ಲ ಅನ್ನೋ ನಿಮ್ಮಣ್ಣನಿಗೆ ಇದನ್ನ ಹೇಳಿ ಪುಟತಿರುವಿ.

ನಕ್ಷೆಪ್ರಿಯ:

ಪ್ರಶ್ನೆಗೆ ನೇರ ಉತ್ತರ ಕೊಡ್ತೀನಿ, "ಯಾರಾದ್ರೂ ನೀತಿ ಬದಲಾಯಿಸಿದ್ರಾ" ಅನ್ನೋದಕ್ಕೆ. ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣೋದು ತೈವಾನ್ ಸುತ್ತ. ತೈವಾನ್ ತನ್ನದೇ ಭಾಗ ಅಂತ ಚೀನಾ ಹೇಳುತ್ತೆ, ಹಾಗಾಗಿ ಬೇರೆ ದೇಶಗಳು ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಮಾನ್ಯತೆ ಕೊಡ್ತವೆ.

ಪರಾಗ್ವೆ ದಕ್ಷಿಣ ಅಮೆರಿಕದಲ್ಲಿ ತೈವಾನ್‌ಗೆ ಮಾನ್ಯತೆ ಕೊಟ್ಟಿರೋ ಒಂದೇ ದೇಶ. 2021ರ ಮಾರ್ಚ್‌ನಲ್ಲಿ ಅವರ ವಿದೇಶಾಂಗ ಇಲಾಖೆನೇ ಹೇಳಿಕೆ ಕೊಡ್ತು, ತೈವಾನ್ ಬಿಟ್ರೆ ಚೀನಾ ಲಸಿಕೆ ಕೊಡಿಸ್ತೀವಿ ಅಂತ ಕೆಲವು ಮಧ್ಯವರ್ತಿಗಳು ಬಂದಿದ್ರು ಅಂತ. ಚೀನಾ ಅದನ್ನ ಅಲ್ಲಗಳೀತು. ಆ ಹೊತ್ತಲ್ಲಿ ಪರಾಗ್ವೆಗೆ 1 ಲಕ್ಷ ಕೋವ್ಯಾಕ್ಸಿನ್ ಹೋಗಿದ್ದು ಭಾರತದಿಂದ, ಅದಕ್ಕೆ ತಾವು ಭಾರತದ ಜೊತೆ ಮಾತಾಡಿ ಸಹಾಯ ಮಾಡಿದ್ವಿ ಅಂತ ತೈವಾನ್ ವಿದೇಶಾಂಗ ಮಂತ್ರಿ ಜೋಸೆಫ್ ವೂ ಹೇಳಿದ್ರು. ಪರಾಗ್ವೆ ಕದಲಲಿಲ್ಲ. ನಿಕರಾಗುವಾ ಮಾತ್ರ 2021ರ ಡಿಸೆಂಬರ್ 9ಕ್ಕೆ ತೈವಾನ್ ಬಿಟ್ಟು ಚೀನಾ ಕಡೆ ಹೋಯ್ತು, 12ಕ್ಕೆ ಸಿನೋಫಾರ್ಮ್‌ನ ಮೊದಲ 2 ಲಕ್ಷ ಡೋಸ್ ಬಂದಿಳೀತು, ಒಟ್ಟು 10 ಲಕ್ಷದ ಉಡುಗೊರೆ. ಲಸಿಕೆಗೋಸ್ಕರನೇ ಹೋದ್ರು ಅಂತ ನಾನು ಹೇಳಲ್ಲ, ಅಲ್ಲಿನ ಸರ್ಕಾರಕ್ಕೆ ಅಮೆರಿಕ ಜೊತೆ ಬೇರೆ ಜಗಳ ಇತ್ತು, ಆದ್ರೆ ಮದುವೆ ದಿನವೇ ಬಂದ ಬೀಗರ ಮನೆ ಬುತ್ತಿ ಹಾಗೆ ಎಲ್ಲರ ಕಣ್ಣಿಗೂ ಬಿತ್ತು.

ಸ್ವತಃ ತೈವಾನ್‌ಗೆ ಲಸಿಕೆ ಸಿಗ್ತಿರಲಿಲ್ಲ, ಜರ್ಮನಿಯ ಬಯೋಎನ್‌ಟೆಕ್ ಕಂಪನಿಯಿಂದ ಲಸಿಕೆ ಕೊಳ್ಳೋ ಒಪ್ಪಂದಕ್ಕೆ ಚೀನಾ ಅಡ್ಡ ಬಂತು ಅಂತ ಅವರ ಆರೋಪ. ಆಗ ಜಪಾನ್ 12.4 ಲಕ್ಷ ಡೋಸ್, ಅಮೆರಿಕ 25 ಲಕ್ಷ ಡೋಸ್ ಕೊಟ್ವು. ಲಿಥುವೇನಿಯಾ ಮೊದಲು ಕೊಟ್ಟಿದ್ದು ಬರೀ 20 ಸಾವಿರ, 2020ರಲ್ಲಿ ತೈವಾನ್ ಮಾಸ್ಕ್ ಕಳಿಸಿತ್ತು ಅನ್ನೋ ನೆನಪಿಗೆ. 2021ರ ನವೆಂಬರ್‌ನಲ್ಲಿ ಲಿಥುವೇನಿಯಾದಲ್ಲಿ ತೈವಾನ್ ಹೆಸರಲ್ಲೇ ಕಚೇರಿ ತೆರೀತು, ಚೀನಾ ಕೆಂಡಾಮಂಡಲ ಆಯ್ತು. ಪ್ರಮಾಣ ಸಣ್ಣದಿದ್ರೂ ಯಾರು ಯಾರ ಪಕ್ಕ ನಿಲ್ತಾರೆ ಅಂತ ತೋರಿಸೋಕೆ ಅದು ಸಾಕಾಯ್ತು.

ರಷ್ಯಾದ್ದು ಇನ್ನೊಂದು ಥರ. ಎಲ್ಲರಿಗಿಂತ ಮುಂಚೆ, 2020ರ ಆಗಸ್ಟ್ 11ಕ್ಕೇ ತಮ್ಮ ಸ್ಪುಟ್ನಿಕ್ ಲಸಿಕೆ ರಿಜಿಸ್ಟರ್ ಮಾಡಿದ್ರು. ಸ್ಲೊವಾಕಿಯಾ ಪ್ರಧಾನಿ ಮಟೊವಿಚ್ ಜೊತೆಗಾರ ಪಕ್ಷಗಳಿಗೆ ಹೇಳದೆ 2 ಲಕ್ಷ ಡೋಸ್ ತರಿಸಿ, ಅದೇ ಜಗಳದಲ್ಲಿ ಮಾರ್ಚ್ ಕೊನೆಗೆ ಕುರ್ಚಿ ಕಳ್ಕೊಂಡ್ರು. ಒಂದು ಲಸಿಕೆ ಒಂದು ಸರ್ಕಾರನೇ ಅಲ್ಲಾಡಿಸ್ತು. ಆದ್ರೆ ಸ್ಪುಟ್ನಿಕ್‌ನಲ್ಲಿ ಮೊದಲ ಡೋಸ್ ಒಂದು ವೈರಸ್ ಮೇಲೆ, ಎರಡನೇದು ಇನ್ನೊಂದರ ಮೇಲೆ ಮಾಡಿದ್ದು, ಆ ಎರಡನೇದನ್ನ ತಯಾರಿಸೋದು ಕಷ್ಟ ಆಯ್ತು, ಅರ್ಜೆಂಟೀನಾ ಸರ್ಕಾರದ ಕಡೆಯಿಂದ ಖಾರವಾದ ಪತ್ರ ಹೋಯ್ತು, ಕೊನೆಗೆ ಅವರು ಬೇರೆ ಕಂಪನಿ ಲಸಿಕೆನ ಎರಡನೇ ಡೋಸ್ ಆಗಿ ಹಾಕಿದ್ರು. ಗಡಿಯಾಚೆ ಹೇಳಿದ ಎರಡನೇ ಡೋಸ್ ಮಾತು ಇಲ್ಲೂ ಹಾಗೇ ಕೂರುತ್ತೆ ನೋಡಿ.

ಸೂಟ್‌ಕೇಸ್:

ಯಾರೂ ಹೇಳದ ಒಂದು ಮುಖ ಇದೆ, ಸರ್ಟಿಫಿಕೇಟ್. ಸೀರಮ್ 2021ರ ಮಾರ್ಚ್‌ನಲ್ಲಿ ಬ್ರಿಟನ್‌ಗೇ 50 ಲಕ್ಷ ಕೋವಿಶೀಲ್ಡ್ ಕೊಟ್ಟಿತ್ತು. ಅದೇ ಬ್ರಿಟನ್ ಸೆಪ್ಟೆಂಬರ್‌ನಲ್ಲಿ, ಭಾರತದಲ್ಲಿ ಎರಡೂ ಡೋಸ್ ಕೋವಿಶೀಲ್ಡ್ ಹಾಕಿಸ್ಕೊಂಡು ಬಂದವರನ್ನ ಲಸಿಕೆ ಹಾಕಿಸದವರ ಲೆಕ್ಕಕ್ಕೆ ಸೇರಿಸಿ ಕ್ವಾರಂಟೈನ್ ಅಂತು. ಅದೇ ಫಾರ್ಮುಲಾ, ಅದೇ ಕಾರ್ಖಾನೆ. ಭಾರತ ಅಕ್ಟೋಬರ್ 4ರಿಂದ ಬ್ರಿಟನ್ನಿನಿಂದ ಬರೋರಿಗೂ 10 ದಿನ ಕ್ವಾರಂಟೈನ್ ಹಾಕ್ತು, ಅಕ್ಟೋಬರ್ 11ಕ್ಕೆ ಅವರು ಬಗ್ಗಿದ್ರು. ನಮಗೆ ಆ ತಾಕತ್ತಿತ್ತು, ತಿರುಗಿ ಕೊಟ್ವಿ. ಕೋವ್ಯಾಕ್ಸ್ ಮೂಲಕ ಅದೇ ಪುಣೆ ಲಸಿಕೆ ಹಾಕಿಸ್ಕೊಂಡ ಆಫ್ರಿಕಾದವರಿಗೆ ಯುರೋಪಿನ ಗ್ರೀನ್ ಪಾಸ್ (ಅಲ್ಲಿ ಸಲೀಸಾಗಿ ಓಡಾಡೋಕೆ ಇದ್ದ ಲಸಿಕೆ ಸರ್ಟಿಫಿಕೇಟ್) ಸಿಗದೇ ಇದ್ದಾಗ ಅವರ ಪರ ಅಷ್ಟು ಜೋರಾಗಿ ನಿಲ್ಲೋರು ಕಮ್ಮಿ ಇದ್ರು. ಕೋವ್ಯಾಕ್ಸಿನ್‌ಗಂತೂ ಡಬ್ಲ್ಯುಎಚ್‌ಒ ಒಪ್ಪಿಗೆ ಸಿಕ್ಕಿದ್ದೇ ನವೆಂಬರ್ 3ಕ್ಕೆ, ಅಲ್ಲಿ ತನಕ ಅದನ್ನ ಹಾಕಿಸ್ಕೊಂಡ ಎಷ್ಟೋ ವಿದ್ಯಾರ್ಥಿಗಳು ವೀಸಾ ಕೈಯಲ್ಲಿದ್ರೂ ಹೋಗೋಕಾಗದೆ ಒದ್ದಾಡಿದ್ರು. ಲಸಿಕೆ ಕೊಟ್ರೆ ಸಾಲದು, ಆ ಲಸಿಕೆಗೆ ಬೇರೆಯವರ ಗಡೀಲಿ ಬೆಲೆ ಸಿಗೋ ಹಾಗೆ ಹೋರಾಡೋದೂ ಕೊಟ್ಟವನ ಕೆಲಸ.

ಪುಟತಿರುವಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಸಿಗುತ್ತೆ ಅಂದ್ಕೊಂಡಿರಲಿಲ್ಲ. ಭೂತಾನ್ ಮತ್ತೆ ಅಬೊಟ್ಟಾಬಾದ್ ಎರಡೂ ಅಣ್ಣನಿಗೆ ಓದಿ ಹೇಳ್ದೆ, ಸುಮ್ನೆ ಕೇಳಿಸ್ಕೊಂಡ. ಈಗ ಅವನ ಪ್ರಶ್ನೆ, ಮುಂದಿನ ಸಲ ಇಂಥದ್ದು ಬಂದ್ರೆ ಮತ್ತೆ ಅದೇ ಆಗುತ್ತಲ್ವಾ, ತನ್ನ ಜನ ಸಾಯ್ತಿದ್ರೆ ಯಾವ ಸರ್ಕಾರ ಹೊರಗೆ ಕಳಿಸುತ್ತೆ ಅಂತ. ಇದಕ್ಕೆ ಏನಾದ್ರೂ ದಾರಿ ಯೋಚಿಸಿದ್ದಾರಾ?

ಗಡಿಯಾಚೆ:

ಅಣ್ಣ ಕೇಳಿದ್ದು ಸರಿಯಾದ ಪ್ರಶ್ನೆ. ಯಾವ ಸರ್ಕಾರನೂ ಕಳಿಸಲ್ಲ, ನಾವು ನಿಲ್ಲಿಸಿದ್ವಿ, ಇಟಲಿ 2021ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾಗೆ ಹೋಗ್ಬೇಕಿದ್ದ ಎರಡೂವರೆ ಲಕ್ಷ ಡೋಸ್ ತಡೀತು. ಹಾಗಾಗಿ ಒಳ್ಳೆ ಮನಸ್ಸನ್ನ ನಂಬಿ ಕೂರೋಕಾಗಲ್ಲ. ಕೋವ್ಯಾಕ್ಸ್ ಎಡವಿದ್ದೇ ಅಲ್ಲಿ, ಶುರುವಿನ ಸರಕಿನ ಬಹುಪಾಲಿಗೆ ಒಂದೇ ದೇಶದ ಒಂದೇ ಕಂಪನಿ ಮೇಲೆ ಕಣ್ಣಿಟ್ಟಿತ್ತು, ಆ ದೇಶಕ್ಕೇ ಬೆಂಕಿ ಬಿತ್ತು. 2021ರೊಳಗೆ 200 ಕೋಟಿ ಡೋಸ್ ಕೊಡ್ತೀವಿ ಅಂದಿದ್ರು, ನೂರು ಕೋಟಿ ಮುಟ್ಟಿದ್ದೇ 2022ರ ಜನವರಿಯಲ್ಲಿ. 2021 ಮುಗಿಯೋ ಹೊತ್ತಿಗೆ ಆಫ್ರಿಕಾದಲ್ಲಿ ಪೂರ್ತಿ ಲಸಿಕೆ ಆದವರು ನೂರಕ್ಕೆ ಹತ್ತೂ ಇರಲಿಲ್ಲ.

ಕೊಟ್ಟಿದ್ದೂ ಹೇಗೆ ಕೊಟ್ರು ನೋಡಿ. ಶ್ರೀಮಂತ ದೇಶಗಳು ತಾವು ಬಳಸದೆ ಉಳಿದಿದ್ದನ್ನ, ಎಕ್ಸ್‌ಪೈರಿಗೆ ಕೆಲವೇ ವಾರ ಇರುವಾಗ ಕಳಿಸಿದ್ವು. 2021ರ ಡಿಸೆಂಬರ್‌ನಲ್ಲಿ ನೈಜೀರಿಯಾ ರಾಜಧಾನಿ ಅಬುಜಾದ ಕಸದ ಮೈದಾನದಲ್ಲಿ 10 ಲಕ್ಷಕ್ಕೂ ಜಾಸ್ತಿ ಆಸ್ಟ್ರಾಜೆನೆಕಾ ಡೋಸ್‌ಗಳ ಮೇಲೆ ಬುಲ್ಡೋಜರ್ ಹತ್ತಿಸಿದ್ರು, ಎಲ್ಲರ ಎದುರಿಗೆ, ಕ್ಯಾಮೆರಾ ಕರೆಸಿ, ಯಾಕಂದ್ರೆ ಹಳೇ ಲಸಿಕೆ ಹಾಕ್ತಿಲ್ಲ ಅಂತ ತಮ್ಮ ಜನಕ್ಕೆ ನಂಬಿಕೆ ಬರಬೇಕಿತ್ತು. ಅದಕ್ಕೆ ಒಂದು ತಿಂಗಳು ಮುಂಚೆ ಆಫ್ರಿಕಾ ಸಿಡಿಸಿ (ಆಫ್ರಿಕಾದ ರೋಗ ನಿಯಂತ್ರಣ ಸಂಸ್ಥೆ) ಮತ್ತೆ ಕೋವ್ಯಾಕ್ಸ್ ಸೇರಿ, ಕೊಡೋ ಲಸಿಕೆಗೆ ಕಮ್ಮಿ ಅಂದ್ರೂ 10 ವಾರ ಆಯುಷ್ಯ ಇರ್ಲಿ, ಬರೋ ವಿಷಯ ಮೊದಲೇ ತಿಳಿಸಿ, ಸಿರಿಂಜೂ ಜೊತೆಗೆ ಕೊಡಿ ಅಂತ ಕೇಳ್ಕೊಂಡಿದ್ವು. ಸಿರಿಂಜ್ ಇಲ್ಲದೆ ಲಸಿಕೆ ಬರ್ತಿತ್ತು ಅಂದ್ರೆ ನೀವೇ ಯೋಚಿಸಿ.

ದಾರಿ ಅಂತ ಇರೋದು ಎರಡು. ಒಂದು, ತಯಾರಿಕೆ ಹಂಚೋದು. ಆಫ್ರಿಕಾ ತಾನು ಬಳಸೋ ಲಸಿಕೆಯಲ್ಲಿ 99 ಪರ್ಸೆಂಟ್ ಆಮದು ಮಾಡ್ಕೊಳ್ಳುತ್ತೆ, 2040ರೊಳಗೆ 60 ಪರ್ಸೆಂಟ್ ತಾವೇ ಮಾಡ್ಬೇಕು ಅಂತ ಆಫ್ರಿಕನ್ ಯೂನಿಯನ್ ಗುರಿ. ಕೇಪ್‌ಟೌನ್‌ನಲ್ಲಿ ಎಂಆರ್‌ಎನ್‌ಎ ಅನ್ನೋ ಹೊಸ ಬಗೆಯ ಲಸಿಕೆ ಮಾಡೋದನ್ನ ಕಲಿಸೋ ಹಬ್ ಶುರು ಮಾಡಿದ್ದಾರೆ. ಭಾರತ ಮತ್ತೆ ದಕ್ಷಿಣ ಆಫ್ರಿಕಾ 2020ರ ಅಕ್ಟೋಬರ್‌ನಲ್ಲೇ ಡಬ್ಲ್ಯುಟಿಒ ಅಂದ್ರೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪೇಟೆಂಟ್ ಸಡಿಲಿಸಿ ಅಂತ ಕೇಳಿದ್ವು, ನನ್ನ ಪ್ರಕಾರ ನಮ್ಮ ವ್ಯಾಕ್ಸಿನ್ ರಾಜತಾಂತ್ರಿಕತೆಯಲ್ಲಿ ವಿಮಾನಗಳಿಗಿಂತ ಇದು ದೊಡ್ಡ ಕೆಲಸ. 2022ರ ಜೂನ್‌ನಲ್ಲಿ ಸಿಕ್ಕಿದ್ದು ಕೇಳಿದ್ದಕ್ಕಿಂತ ಎಷ್ಟೋ ಕಮ್ಮಿ, ಅದೂ ಪೀಕ್ ಮುಗಿದ ಮೇಲೆ.

ಎರಡನೇದು ಡಬ್ಲ್ಯುಎಚ್‌ಒದ ಪ್ಯಾಂಡೆಮಿಕ್ ಒಪ್ಪಂದ, 2025ರ ಮೇ 20ಕ್ಕೆ ಅಂಗೀಕಾರ ಆಯ್ತು. ಇದರ ಬೇರು 2007ರಲ್ಲಿದೆ. ಇಂಡೊನೇಷ್ಯಾ ಆಗ ತನ್ನ ಹಕ್ಕಿಜ್ವರದ ವೈರಸ್ ಸ್ಯಾಂಪಲ್ ಕೊಡಲ್ಲ ಅಂತ ಹಠ ಹಿಡೀತು, ನಮ್ಮ ಸ್ಯಾಂಪಲ್‌ನಿಂದ ಲಸಿಕೆ ಮಾಡಿ ನಮಗೇ ಕೊಂಡ್ಕೊಳ್ಳೋಕಾಗದ ರೇಟಿಗೆ ಮಾರ್ತೀರಿ ಅಂತ. ಈಗಿನ ಒಪ್ಪಂದದಲ್ಲಿ ಇರೋದು, ಸ್ಯಾಂಪಲ್ ಮತ್ತೆ ಜೀನೋಮ್ ಮಾಹಿತಿ ಬೇಗ ಹಂಚ್ಕೊಳ್ಳಿ, ಅದಕ್ಕೆ ಬದಲಾಗಿ ಇದರಲ್ಲಿ ಸೇರೋ ಕಂಪನಿಗಳು ಪ್ಯಾಂಡೆಮಿಕ್ ಹೊತ್ತಲ್ಲಿ ತಯಾರಾಗೋದರಲ್ಲಿ 20 ಪರ್ಸೆಂಟ್ ಡಬ್ಲ್ಯುಎಚ್‌ಒಗೆ ಸಿಗೋ ಹಾಗೆ ಮಾಡ್ಬೇಕು, ಅದರಲ್ಲೂ ಒಟ್ಟು ತಯಾರಾಗೋದರ ಕನಿಷ್ಠ 10 ಪರ್ಸೆಂಟ್ ದಾನವಾಗಿ. ಪ್ಯಾಂಡೆಮಿಕ್ ನಡೀತಿರುವಾಗಲೇ, ತಯಾರಾಗ್ತಾ ಇದ್ದ ಹಾಗೇ ಕೊಡ್ಬೇಕು ಅನ್ನೋದೇ ಇದರಲ್ಲಿ ಮುಖ್ಯ, ಮಿಕ್ಕಿದ್ದು ಕೊಡೋದಲ್ಲ. ಆದ್ರೆ ಇದರ ವಿವರ ಬರೋ ಅನುಬಂಧ ಬಿಟ್ಟು ಮೂಲ ಪಠ್ಯ ಮಾತ್ರ ಪಾಸ್ ಮಾಡಿದ್ರು, ಅನುಬಂಧ ಆದ ಮೇಲಷ್ಟೇ ದೇಶಗಳು ಸಹಿ ಹಾಕೋದು, 60 ದೇಶ ಅನುಮೋದಿಸಿದ ಮೇಲೆ ಜಾರಿ. ಅಮೆರಿಕ ಇದರಿಂದ ಹೊರಗಿದೆ.

ಅಣ್ಣನಿಗೆ ಹೇಳಿ, ನಮ್ಮ ದೇಶ ಈ ಅನುಬಂಧದ ಮಾತುಕತೆಯಲ್ಲಿ ತಯಾರಿಸೋ ದೇಶವಾಗಿ ಎಷ್ಟು ಕೊಡೋಕೆ ಒಪ್ಪುತ್ತೆ, ಕೊಡೋ ಹೊತ್ತಲ್ಲಿ ಎಕ್ಸ್‌ಪೋರ್ಟ್ ತಡೆಯಲ್ಲ ಅಂತ ಲಿಖಿತವಾಗಿ ಹೇಳೋಕೆ ತಯಾರಿದೆಯಾ ಅಂತ ಸಂಸದರನ್ನ ಕೇಳೋದು ಈಗ ನಾವು ಮಾಡಬಹುದಾದ ಕೆಲಸ. ಕಾಯಿಲೆ ಬಂದ ಮೇಲೆ ಕೇಳಿದ್ರೆ ಏನು ಉತ್ತರ ಬರುತ್ತೆ ಅಂತ 2021ರ ಏಪ್ರಿಲ್‌ನಲ್ಲಿ ಕಾಠ್ಮಂಡುಗೂ ಢಾಕಾಗೂ ಗೊತ್ತಾಗಿದೆ.